ಕ್ಲೇಮು ಮೇಜಿನ ಕೆಲಸಕ್ಕೆ ಯಾವ ರೂಢಿಗಳು ಬೇಕು? ಹೊಸಬರಿಗೆ ಅನುಭವಿಗಳ ಸಲಹೆ

ಪ್ರಶ್ನೆ: ವಾಹನ ಕ್ಲೇಮು ವಿಭಾಗ, ಬೆಂಗಳೂರು

ಸಾಮಾನ್ಯ ವಿಮಾ ಕಂಪನಿಯೊಂದರ ವಾಹನ ಕ್ಲೇಮು ವಿಭಾಗಕ್ಕೆ ಈ ವರ್ಷ ಸೇರಿದ್ದೇನೆ. ನನ್ನ ಪಾಲಿಗೆ ಬಂದಿರುವುದು ಸ್ವಂತ ಹಾನಿಯ ಕ್ಲೇಮುಗಳು, ಅಂದರೆ ಅಪಘಾತದಲ್ಲಿ ಜಖಂಗೊಂಡ ವಾಹನದ ದುರಸ್ತಿ ವೆಚ್ಚಕ್ಕೆ ಸಂಬಂಧಿಸಿದವು. ತರಬೇತಿಯಲ್ಲಿ ಪಾಲಿಸಿಯ ಷರತ್ತುಗಳನ್ನೂ ತಂತ್ರಾಂಶದ ಬಳಕೆಯನ್ನೂ ಚೆನ್ನಾಗಿಯೇ ಕಲಿಸಿದರು. ಆದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಕೆಲಸವನ್ನು ಹೇಗೆ ಹೊಂದಿಸಿಕೊಳ್ಳಬೇಕೆಂದು ಯಾರೂ ಹೇಳಿಕೊಡಲಿಲ್ಲ; ಕೇಳಿದರೆ ಅದೆಲ್ಲ ಅನುಭವದಿಂದ ಬರುತ್ತದೆ ಎನ್ನುತ್ತಾರೆ.

ಬೆಳಿಗ್ಗೆ ಬಂದೊಡನೆ ಇಮೇಲ್ ತೆರೆಯುತ್ತೇನೆ, ಅಷ್ಟರಲ್ಲಿ ಗ್ಯಾರೇಜಿನವರ ಕರೆಗಳು ಶುರುವಾಗುತ್ತವೆ, ನಡುವೆ ಪಾಲಿಸಿದಾರರು ತಮ್ಮ ಕ್ಲೇಮು ಎಲ್ಲಿಗೆ ಬಂತೆಂದು ಕೇಳುತ್ತಾರೆ, ಉತ್ತರಿಸಲು ಆ ಕಡತವನ್ನು ಮೊದಲಿನಿಂದ ಓದಬೇಕಾಗುತ್ತದೆ. ದಿನವಿಡೀ ದುಡಿದರೂ ಸಂಜೆಗೆ ವಿಲೇವಾರಿಯಾದ ಕಡತಗಳು ಬಹಳ ಕಡಿಮೆ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆಯ ಪ್ರಕಾರ ಕ್ಲೇಮು ವರದಿಯಾದ 24 ಗಂಟೆಯೊಳಗೆ ಸರ್ವೇಯರರನ್ನು, ಅಂದರೆ ಹಾನಿಯನ್ನು ಪರಿಶೀಲಿಸಿ ಅಂದಾಜಿಸುವವರನ್ನು, ನೇಮಿಸಬೇಕು, ನೇಮಕವಾದ 15 ದಿನದೊಳಗೆ ವರದಿ ಪಡೆಯಬೇಕು, ವರದಿ ಬಂದ 7 ದಿನದೊಳಗೆ ತೀರ್ಮಾನಿಸಬೇಕು. ಈ ಗಡುವುಗಳ ಹಿಂದೆ ಓಡುವುದೇ ಕೆಲಸವಾಗಿಬಿಟ್ಟಿದೆ. ಈ ಮೇಜಿನಲ್ಲಿ ಬಹುಕಾಲ ಕುಳಿತವರು ಯಾವ ರೂಢಿಗಳನ್ನು ಬೆಳೆಸಿಕೊಂಡಿದ್ದೀರಿ ಎಂಬುದನ್ನು ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ನಿವೃತ್ತ ಕ್ಲೇಮು ಅಧಿಕಾರಿ, ಮೈಸೂರು

ನಿಮ್ಮ ಪ್ರಶ್ನೆಯಲ್ಲಿಯೇ ಒಂದು ಸುಳಿವಿದೆ. ಕರೆ ಬಂದಾಗಲೆಲ್ಲ ಕಡತವನ್ನು ಮೊದಲಿನಿಂದ ಓದಬೇಕಾಗುತ್ತದೆ ಎಂದಿದ್ದೀರಿ. ಹಿಂದಿನ ಸಲ ಅದನ್ನು ಕೈಗೆತ್ತಿಕೊಂಡಾಗ ನೀವು ಏನು ನೋಡಿದಿರಿ, ಏನು ಯೋಚಿಸಿದಿರಿ, ಮುಂದೆ ಏನಾಗಬೇಕೆಂದು ಅಂದುಕೊಂಡಿರಿ ಎಂಬುದು ಅದರಲ್ಲಿ ಬರೆದಿಲ್ಲದಿರುವುದೇ ಇದಕ್ಕೆ ಕಾರಣ. ನನ್ನ ಮಟ್ಟಿಗೆ ಕ್ಲೇಮು ನಿರ್ವಾಹಕರು ಎಲ್ಲಕ್ಕಿಂತ ಮೊದಲು ಬೆಳೆಸಿಕೊಳ್ಳಬೇಕಾದ ರೂಢಿ ಇದು: ಕಡತ ಮುಚ್ಚುವ ಮುನ್ನ, ಅದೇ ದಿನ, ಕಾರಣಸಹಿತವಾಗಿ ಟಿಪ್ಪಣಿ ಬರೆಯುವುದು.

ಕಚೇರಿಗಳಲ್ಲಿ ಹೆಚ್ಚಾಗಿ ಕಾಣುವ ಟಿಪ್ಪಣಿ ‘ದಾಖಲೆ ಬಾಕಿ’ ಎಂಬುದು. ಯಾವ ದಾಖಲೆ, ಯಾರಿಂದ, ಯಾವಾಗ ಕೇಳಲಾಯಿತು, ಅದು ಬಂದರೆ ಯಾವ ಸಂಶಯ ಪರಿಹಾರವಾಗುತ್ತದೆ ಎಂಬ ಒಂದು ಮಾಹಿತಿಯೂ ಅದರಲ್ಲಿಲ್ಲ. ಅದರ ಬದಲು ಹೀಗೆ ಬರೆಯಬಹುದು: ‘ಚಾಲಕರ ಪರವಾನಗಿಯನ್ನು ಸಾರಥಿ ತಾಣದಲ್ಲಿ ಪರಿಶೀಲಿಸಿದೆ, ಅಪಘಾತದ ದಿನ ಚಾಲ್ತಿಯಲ್ಲಿತ್ತು. ಎಡಬದಿಯ ಹಿಂದಿನ ಬಾಗಿಲಿನ ಜಖಂ ಮುಂಭಾಗದ ಡಿಕ್ಕಿಗೆ ಹೊಂದುತ್ತಿಲ್ಲ. ಆ ಬಗ್ಗೆ ವಿವರಣೆ ನೀಡುವಂತೆ ಇಂದು ಪಾಲಿಸಿದಾರರಿಗೆ ಕರೆ ಮಾಡಿ ಪತ್ರವನ್ನೂ ಕಳುಹಿಸಿದೆ. ಉಳಿದ ಜಖಂಗೆ ತಕರಾರಿಲ್ಲ.’ ಇದನ್ನು ಬರೆಯಲು ನಾಲ್ಕಾರು ನಿಮಿಷ ಬೇಕು. ಆದರೆ ಪಾಲಿಸಿದಾರರು ಮರುದಿನ ಕರೆ ಮಾಡಿದಾಗ ನೀವು ರಜೆಯಲ್ಲಿದ್ದರೂ ಪಕ್ಕದ ಮೇಜಿನವರು ಸರಿಯಾದ ಉತ್ತರ ಕೊಡಬಲ್ಲರು. ಮೂರು ವರ್ಷಗಳ ನಂತರ ಗ್ರಾಹಕ ಆಯೋಗದಲ್ಲಿ ಆ ಕಡತ ತೆರೆದುಕೊಂಡರೂ ನಿಮ್ಮ ನಡೆ ಅರ್ಥವಾಗುತ್ತದೆ.

ಎರಡನೆಯದಾಗಿ, ಕ್ಲೇಮು ಅರ್ಜಿಗಿಂತ ಮುಂಚೆ ಪಾಲಿಸಿಯನ್ನು ಓದಿ. ಪಾಲಿಸಿಯ ಅವಧಿ, ನೋಂದಣಿ ಮತ್ತು ಚಾಸಿ ಸಂಖ್ಯೆ, ವಾಹನದ ಘೋಷಿತ ಮೌಲ್ಯ, ಹೆಚ್ಚುವರಿ ರಕ್ಷಣೆಗಳು, ನಡುವೆ ಆದ ತಿದ್ದುಪಡಿಗಳು, ಪ್ರೀಮಿಯಂ ಜಮೆಯಾದ ದಿನಾಂಕ ಮತ್ತು ಸಮಯ ಇವೆಲ್ಲ ಮನಸ್ಸಿನಲ್ಲಿದ್ದಾಗ ಅಪಘಾತದ ವಿವರಣೆಯನ್ನು ಓದುವ ಬಗೆಯೇ ಬೇರೆಯಾಗುತ್ತದೆ. ಮೊದಲು ಘಟನೆಯನ್ನು ಓದಿದರೆ ಮನಸ್ಸು ಆಗಲೇ ಒಂದು ತೀರ್ಮಾನದ ಕಡೆ ವಾಲಿರುತ್ತದೆ. ಆಮೇಲೆ ಪಾಲಿಸಿಯನ್ನು ತೆರೆಯುವುದು ಆ ತೀರ್ಮಾನಕ್ಕೆ ಆಧಾರ ಹುಡುಕಲಷ್ಟೇ ಆಗಿಬಿಡುವ ಅಪಾಯವಿದೆ.

ಇನ್ನು ದಿನಚರಿಯ ವಿಷಯ. ಬೆಳಗಿನ ಮೊದಲ ಒಂದು ಗಂಟೆ ಇಮೇಲನ್ನೂ ಫೋನನ್ನೂ ದೂರವಿಟ್ಟು, ಅತ್ಯಂತ ಹಳೆಯ ಕಡತಗಳನ್ನು ಕೈಗೆತ್ತಿಕೊಳ್ಳಿ.

ಉತ್ತರ: ಸರ್ವೇಯರ್, ತುಮಕೂರು

ಹಿರಿಯರು ಟಿಪ್ಪಣಿಯ ಬಗ್ಗೆ ಹೇಳಿದ್ದನ್ನು ಪೂರ್ಣವಾಗಿ ಒಪ್ಪುತ್ತೇನೆ. ಹಳೆಯ ಕಡತ ಮೊದಲು ಎಂಬ ಮಾತನ್ನು ಮಾತ್ರ ವಾಹನ ಕ್ಲೇಮುಗಳ ಮಟ್ಟಿಗೆ ಒಪ್ಪಲಾರೆ. ಬಿಚ್ಚಿದ ವಾಹನ ಗ್ಯಾರೇಜಿನಲ್ಲಿ ಅನುಮತಿಗಾಗಿ ನಿಂತಿದ್ದರೆ ಮಾಲೀಕರು ಪ್ರತಿದಿನ ಆಟೊ, ಟ್ಯಾಕ್ಸಿಗೆ ಹಣ ತೆರುತ್ತಿರುತ್ತಾರೆ. ವಾಣಿಜ್ಯ ವಾಹನವಾದರೆ ಅವರ ದಿನದ ದುಡಿಮೆಯೇ ನಿಂತಿರುತ್ತದೆ. ಆದ್ದರಿಂದ ನಿಮ್ಮ ಒಂದು ಅನುಮೋದನೆಯಿಂದ ಕೆಲಸ ಮುಂದುವರಿಯುವ ಕಡತಗಳನ್ನು ಮೊದಲು ನೋಡಿ, ನಂತರ ಹಳೆಯವಕ್ಕೆ ಹೋಗಿ. ಹಳೆಯ ಕಡತಗಳಲ್ಲಿ ಬಹುಪಾಲು ಬೇರೆಯವರ ಉತ್ತರಕ್ಕಾಗಿ ಕಾಯುತ್ತಿರುವಂಥವು; ಅವುಗಳಿಗೆ ವಾರದಲ್ಲಿ ಒಂದು ನಿಗದಿತ ಹೊತ್ತು ಸಾಕು.

ಕ್ಲೇಮು ವರದಿಯಾದ ದಿನದ ಮೊದಲ ಕರೆಯ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಇದರ ಮಹತ್ವವನ್ನು ಹೊಸಬರಿಗೆ ಯಾರೂ ಒತ್ತಿ ಹೇಳುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಸುತ್ತಮುತ್ತ ಮಳೆನೀರು ನುಗ್ಗಿ ಎಷ್ಟೋ ಕಾರುಗಳು ಮುಳುಗಿದ್ದು ನಿಮಗೆ ನೆನಪಿರಬಹುದು. ನೀರಿನಲ್ಲಿ ನಿಂತ ಕಾರಿನ ಎಂಜಿನ್ನಿನ ಸಿಲಿಂಡರಿಗೆ ಗಾಳಿಯ ದಾರಿಯಲ್ಲಿ ನೀರು ಸೇರಿರಬಹುದು. ಗಾಳಿಯಂತೆ ನೀರು ಒತ್ತಡಕ್ಕೆ ಕುಗ್ಗುವುದಿಲ್ಲವಾದ್ದರಿಂದ, ನೀರಿಳಿದ ಮೇಲೆ ಮಾಲೀಕರು ಕೀಲಿ ತಿರುಗಿಸಿದೊಡನೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಕೆಲವೊಮ್ಮೆ ಎಂಜಿನ್ ಬ್ಲಾಕೇ ಒಡೆಯುತ್ತದೆ. ಇದನ್ನು ಪ್ರವಾಹದ ನೇರ ಹಾನಿಯೆಂದು ಪರಿಗಣಿಸದೆ ತದನಂತರದ ಹಾನಿಯೆಂದು ಪರಿಗಣಿಸುವುದರಿಂದ, ಎಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಇಲ್ಲದವರಿಗೆ ಆ ದೊಡ್ಡ ವೆಚ್ಚ ಸಿಗುವುದು ಕಷ್ಟ. ‘ಕೀಲಿ ತಿರುಗಿಸಬೇಡಿ, ಬ್ಯಾಟರಿಯ ತಂತಿ ಬಿಡಿಸಿ, ವಾಹನವನ್ನು ಎಳೆದೊಯ್ಯುವ ವ್ಯವಸ್ಥೆ ನಾವು ಮಾಡುತ್ತೇವೆ’ ಎಂಬ ಮಾತನ್ನು ಕ್ಲೇಮು ನಿರ್ವಾಹಕರು ಮೊದಲ ಕರೆಯಲ್ಲೇ ಹೇಳಿದರೆ ಒಂದು ಕುಟುಂಬಕ್ಕೆ ಲಕ್ಷಗಟ್ಟಲೆ ಹಣ ಉಳಿಯುತ್ತದೆ, ಒಂದು ವ್ಯಾಜ್ಯವೂ ತಪ್ಪುತ್ತದೆ. ಕ್ಲೇಮು ಸಂಖ್ಯೆ ಕೊಟ್ಟು ಸಂದೇಶ ಕಳುಹಿಸಿ ಸುಮ್ಮನಾಗುವ ರೂಢಿಯಲ್ಲಿ ಈ ಅವಕಾಶ ಕೈತಪ್ಪುತ್ತದೆ.

ಇನ್ನೊಂದು ವಿಷಯ. ವಾಹನ ಹಾನಿ 50,000 ರೂಪಾಯಿಗಿಂತ ಕಡಿಮೆಯಿದ್ದರೆ ಪರವಾನಗಿ ಪಡೆದ ಸರ್ವೇಯರರೇ ಬೇಕೆಂಬ ಕಡ್ಡಾಯವಿಲ್ಲ, ಹಾಗಾಗಿ ಬಹಳಷ್ಟು ಕ್ಲೇಮುಗಳ ಲೆಕ್ಕ ನಿಮ್ಮ ಮೇಜಿನಲ್ಲೇ ಆಗುತ್ತದೆ. ಆ ಲೆಕ್ಕವನ್ನು ಪಾಲಿಸಿದಾರರಿಗೆ ಮುಂಚಿತವಾಗಿ ಬಿಡಿಸಿ ಹೇಳುವುದನ್ನು ರೂಢಿಸಿಕೊಳ್ಳಿ. ಮೂರು ವರ್ಷ ದಾಟಿದ, ನಾಲ್ಕು ತುಂಬದ, 1,500 ಸಿಸಿಯೊಳಗಿನ ಕಾರೊಂದಕ್ಕೆ ಸವಕಳಿ ವಿನಾಯಿತಿ ಇಲ್ಲದ ಸಾಮಾನ್ಯ ಪಾಲಿಸಿ ಇದೆಯೆನ್ನಿ. 6,000 ರೂಪಾಯಿಯ ಪ್ಲಾಸ್ಟಿಕ್ ಬಂಪರಿಗೆ ಶೇ. 50 ಸವಕಳಿ ಕಳೆದು 3,000, 10,000 ರೂಪಾಯಿಯ ಲೋಹದ ಬಾಗಿಲಿಗೆ ಶೇ. 25 ಕಳೆದು 7,500, ಗಾಜಿಗೆ ಸವಕಳಿ ಇಲ್ಲದ್ದರಿಂದ 8,000 ಪೂರ್ತಿ, ಕೂಲಿ 5,000. ತೆರಿಗೆಯನ್ನೂ ಬಣ್ಣವನ್ನೂ ಬದಿಗಿಟ್ಟರೆ ಒಟ್ಟು 23,500 ಆಗುತ್ತದೆ. ಪಾಲಿಸಿದಾರರೇ ಭರಿಸಬೇಕಾದ ಕಡ್ಡಾಯ ಕಡಿತ 1,000 ಹೋದರೆ 22,500. ಬಿಲ್ಲು 29,000 ಇದ್ದದ್ದು 22,500ಕ್ಕೆ ಹೇಗೆ ಇಳಿಯಿತೆಂದು ವಾಹನ ಬಿಡಿಸಿಕೊಳ್ಳುವ ಸಂಜೆ ಗ್ಯಾರೇಜಿನ ಕೌಂಟರಿನಲ್ಲಿ ಮೊದಲ ಬಾರಿ ತಿಳಿಯುವ ಮನುಷ್ಯನಿಗೆ ಸಿಟ್ಟು ಬರುವುದು ಸಹಜ. ಅದೇ ಲೆಕ್ಕವನ್ನು ಅನುಮೋದನೆಯ ದಿನವೇ ಸಾಲುಸಾಲಾಗಿ ಕಳುಹಿಸಿದ್ದರೆ ಆತ ಹಣ ಹೊಂದಿಸಿಕೊಂಡು ಬಂದಿರುತ್ತಾನೆ.

ಮರುಪ್ರಶ್ನೆ: ವಾಹನ ಕ್ಲೇಮು ವಿಭಾಗ, ಬೆಂಗಳೂರು

ಇಬ್ಬರಿಗೂ ಧನ್ಯವಾದಗಳು. ಟಿಪ್ಪಣಿಯನ್ನು ಅಂದೇ ಬರೆಯುವ ಕ್ರಮವನ್ನು ಈ ವಾರವೇ ಆರಂಭಿಸುತ್ತೇನೆ. ನನ್ನನ್ನು ಹೆಚ್ಚು ಕಾಡುವುದು ದಾಖಲೆಗಳನ್ನು ಕೇಳುವ ವಿಚಾರ. ಒಂದನ್ನು ಕೇಳಿ ತರಿಸಿಕೊಂಡ ಮೇಲೆ ಮತ್ತೊಂದು ಬೇಕೆಂದು ಗೊತ್ತಾಗುತ್ತದೆ, ಪಾಲಿಸಿದಾರರು ಬೇಸರಗೊಳ್ಳುತ್ತಾರೆ. ಬೇರೆ ವಿಭಾಗಗಳಲ್ಲಿ ಇದನ್ನು ಹೇಗೆ ನಿಭಾಯಿಸುತ್ತೀರಿ?

ಉತ್ತರ: ಆರೋಗ್ಯ ವಿಮೆ ವಿಭಾಗ, ಮಂಗಳೂರು

ಬೆಳಗಿನ ಒಂದು ಗಂಟೆ ಫೋನನ್ನು ದೂರವಿಡುವ ಸೌಲಭ್ಯ ನಮ್ಮ ವಿಭಾಗದಲ್ಲಿಲ್ಲ. ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಅಂತಿಮ ಅನುಮತಿಗೆ ಮೂರು ಗಂಟೆಯೊಳಗೆ ಉತ್ತರಿಸಬೇಕೆಂದು 2024ರ ಮೇ ತಿಂಗಳ ಸುತ್ತೋಲೆ ಹೇಳುತ್ತದೆ. ಮೂರು ಗಂಟೆ ಮೀರಿದ್ದರಿಂದ ಆಸ್ಪತ್ರೆ ಹೆಚ್ಚುವರಿ ಶುಲ್ಕ ವಿಧಿಸಿದರೆ ಅದನ್ನು ಕಂಪನಿಯೇ, ಅದೂ ಷೇರುದಾರರ ನಿಧಿಯಿಂದ, ಭರಿಸಬೇಕು. ಹೀಗಾಗಿ ನಾವು ಸರದಿಯ ಮೇಲೆ ಕುಳಿತುಕೊಳ್ಳುತ್ತೇವೆ: ಒಬ್ಬರು ತುರ್ತು ಕೋರಿಕೆಗಳನ್ನು ನೋಡುವಾಗ ಇನ್ನೊಬ್ಬರು ಅಡಚಣೆಯಿಲ್ಲದೆ ಮರುಪಾವತಿಯ ಕಡತಗಳನ್ನು ಓದುತ್ತಾರೆ, ಮಧ್ಯಾಹ್ನ ಅದಲುಬದಲಾಗುತ್ತೇವೆ. ನಿಮ್ಮ ವಿಭಾಗದಲ್ಲಿ ಇಬ್ಬರಾದರೂ ಇದ್ದರೆ ಇದನ್ನು ಪ್ರಯತ್ನಿಸಿ. ಒಬ್ಬರೇ ಇಡೀ ದಿನ ಎರಡನ್ನೂ ಮಾಡಹೊರಟರೆ ಓದುವ ಕೆಲಸವೇ ಸೊರಗುತ್ತದೆ.

ದಾಖಲೆಗಳ ವಿಷಯದಲ್ಲಿ ಮೂಲ ಸಮಸ್ಯೆ ಏನೆಂದರೆ, ಕಡತವನ್ನು ಪೂರ್ತಿ ಓದುವ ಮೊದಲೇ ನಾವು ಪ್ರಶ್ನೆ ಕಳುಹಿಸುತ್ತೇವೆ. ಬಿಡುಗಡೆಯ ಸಾರಾಂಶ ಮಾತ್ರ ನೋಡಿ ಒಂದು ಪ್ರಶ್ನೆ, ಬಿಲ್ಲು ನೋಡಿದಾಗ ಮತ್ತೊಂದು, ಒಳರೋಗಿಯ ಪ್ರಕರಣ ಪತ್ರಗಳು ಬಂದ ಮೇಲೆ ಇನ್ನೊಂದು ಎಂದಾಗುತ್ತದೆ. ನಾನು ಪಾಲಿಸುವ ನಿಯಮ ಸರಳ: ಕಡತದ ಕೊನೆಯ ಹಾಳೆ ಓದುವವರೆಗೆ ಯಾವ ಪ್ರಶ್ನೆಯನ್ನೂ ಕಳುಹಿಸುವುದಿಲ್ಲ, ಓದುತ್ತಾ ಎಲ್ಲವನ್ನೂ ಒಂದು ಕಡೆ ಬರೆದುಕೊಳ್ಳುತ್ತೇನೆ, ನಂತರ ಪ್ರತಿಯೊಂದರ ಎದುರು ‘ಇದರ ಉತ್ತರ ನನ್ನ ತೀರ್ಮಾನವನ್ನು ಬದಲಿಸುತ್ತದೆಯೇ’ ಎಂದು ಕೇಳಿಕೊಳ್ಳುತ್ತೇನೆ. ಬದಲಿಸದ ಪ್ರಶ್ನೆಯನ್ನು ಹೊಡೆದುಹಾಕುತ್ತೇನೆ. ಉಳಿದವು ಒಂದೇ ಪತ್ರದಲ್ಲಿ ಹೋಗುತ್ತವೆ. ಆಸ್ಪತ್ರೆಯಿಂದ ಸಿಗಬೇಕಾದ ದಾಖಲೆಯನ್ನು ರೋಗಿಯ ಮನೆಯವರಿಂದ ಕೇಳುವುದೂ ಇಲ್ಲ. ಅವನ್ನು ಆಸ್ಪತ್ರೆಯಿಂದಲೇ ತರಿಸಿಕೊಳ್ಳಬೇಕೆಂದು ಅದೇ ಸುತ್ತೋಲೆಯಲ್ಲಿದೆ.

ಮಧುಮೇಹ ಇದ್ದವರ ಕಡತ ಕಂಡೊಡನೆ ಮೊದಲೇ ಇದ್ದ ಕಾಯಿಲೆ ಎಂಬ ಷರಾ ಬರೆಯುವ ಚಾಳಿ ಕೆಲವರಿಗಿದೆ. ಈಗಿನ ನಿಯಮದಂತೆ ಮೊದಲೇ ಇದ್ದ ಕಾಯಿಲೆಯ ಕಾಯುವ ಅವಧಿ 36 ತಿಂಗಳನ್ನು ಮೀರುವಂತಿಲ್ಲ, 60 ತಿಂಗಳು ಸತತವಾಗಿ ಪಾಲಿಸಿ ನಡೆಸಿದವರ ಕ್ಲೇಮನ್ನು ಸಾಬೀತಾದ ವಂಚನೆಯ ಹೊರತು ಮಾಹಿತಿ ಮುಚ್ಚಿಟ್ಟಿದ್ದಾರೆಂದು ಪ್ರಶ್ನಿಸುವಂತಿಲ್ಲ. ಆದ್ದರಿಂದ ರೋಗನಿರ್ಣಯದ ಪುಟಕ್ಕಿಂತ ಮುಂಚೆ ಪಾಲಿಸಿ ಎಂದಿನಿಂದ ನಿರಂತರವಾಗಿದೆ ಎಂಬುದನ್ನು, ಬೇರೆ ಕಂಪನಿಯಿಂದ ವರ್ಗಾಯಿಸಿಕೊಂಡು ಬಂದವರಾದರೆ ಅಲ್ಲಿನ ವರ್ಷಗಳನ್ನೂ ಸೇರಿಸಿ, ಕಡತದ ಮೊದಲ ಸಾಲಿನಲ್ಲಿ ಬರೆದುಕೊಳ್ಳಿ.

ಉತ್ತರ: ವಿಮಾ ಏಜೆಂಟ್, ಶಿವಮೊಗ್ಗ ಜಿಲ್ಲೆ

ನಾನು ಮೇಜಿನ ಈಚೆಗೆ ನಿಂತವನು. ನನ್ನ ಗ್ರಾಹಕರಲ್ಲಿ ಹೆಚ್ಚಿನವರು ಅಡಿಕೆ ತೋಟದವರು, ಸಣ್ಣ ಸರಕು ವಾಹನ ಇಟ್ಟುಕೊಂಡವರು. ಇವರಿಗೆ ಕ್ಲೇಮು ಸಿಗುತ್ತದೋ ಇಲ್ಲವೋ ಎಂಬುದಕ್ಕಿಂತಲೂ ಏನಾಗುತ್ತಿದೆ ಎಂದು ತಿಳಿಯದಿರುವುದೇ ಹೆಚ್ಚಿನ ಸಂಕಟ. ‘ಪ್ರಕ್ರಿಯೆಯಲ್ಲಿದೆ’ ಎಂಬ ಉತ್ತರದಿಂದ ಅವರಿಗೆ ಏನೂ ಗೊತ್ತಾಗುವುದಿಲ್ಲ. ‘ಸರ್ವೇಯರರ ವರದಿ ಸೋಮವಾರ ಬರಬೇಕು, ಗುರುವಾರದೊಳಗೆ ನಾನೇ ಕರೆ ಮಾಡುತ್ತೇನೆ’ ಎಂದು ದಿನ ಹೇಳಿ, ಆ ದಿನ ಹೇಳಲು ಹೊಸದೇನೂ ಇಲ್ಲದಿದ್ದರೂ ಕರೆ ಮಾಡುವ ನಿರ್ವಾಹಕರಿಗೆ ನನ್ನ ಗ್ರಾಹಕರು ನಡುವೆ ಒಮ್ಮೆಯೂ ಫೋನು ಮಾಡುವುದಿಲ್ಲ. ನಿಮಗೆ ಬರುವ ಕರೆಗಳ ಹೊರೆ ಇಳಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ತಿಳಿದಿಲ್ಲ.

ಪತ್ರ ಇಂಗ್ಲಿಷಿನಲ್ಲಿ ಹೋಗುವುದು ಅನಿವಾರ್ಯವಾದರೂ ಅದರ ಸಾರವನ್ನು ಫೋನಿನಲ್ಲಿ ಕನ್ನಡದಲ್ಲಿ ಹೇಳಿ. ‘ನಿಮ್ಮ ಪರ್ಮಿಟ್ಟಿನ ಎರಡನೇ ಪುಟ ಓದಲಾಗುತ್ತಿಲ್ಲ, ಬೆಳಕಿನಲ್ಲಿಟ್ಟು ಮತ್ತೊಮ್ಮೆ ಫೋಟೊ ತೆಗೆದು ಕಳುಹಿಸಿ’ ಎಂಬ ಒಂದು ವಾಕ್ಯದಿಂದ ಅರ್ಧ ದಿನದಲ್ಲಿ ಮುಗಿಯುವ ಕೆಲಸಕ್ಕೆ ಎರಡು ಜ್ಞಾಪನಾ ಪತ್ರಗಳು ಬಂದದ್ದನ್ನು ನೋಡಿದ್ದೇನೆ.

ತಡವಾಗಿ ತಿಳಿಸಿದರೆಂಬ ಕಾರಣವನ್ನು ಬರೆಯುವ ಮುನ್ನ ದಯವಿಟ್ಟು ಯೋಚಿಸಿ. ವಾಹನ ಕಳುವಾದಾಗ ಹಳ್ಳಿಯವರು ಮೊದಲು ಓಡುವುದು ಪೊಲೀಸ್ ಠಾಣೆಗೆ. ಠಾಣೆಯಲ್ಲಿ ಕೂಡಲೇ ದೂರು ದಾಖಲಾಗಿದ್ದರೆ, ಕಂಪನಿಗೆ ತಡವಾಗಿ ತಿಳಿಸಿದ್ದೊಂದನ್ನೇ ಹಿಡಿದು ಕಳವಿನ ಕ್ಲೇಮನ್ನು ನಿರಾಕರಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಗುರ್‌ಶಿಂದರ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ.

ಉತ್ತರ: ನಿವೃತ್ತ ಕ್ಲೇಮು ಅಧಿಕಾರಿ, ಮೈಸೂರು

ಮೊದಲಿಗೆ, ಸರ್ವೇಯರರು ಸೂಚಿಸಿದ ಕ್ರಮವೇ ವಾಹನ ವಿಭಾಗಕ್ಕೆ ಹೆಚ್ಚು ಹೊಂದುತ್ತದೆಂದು ಒಪ್ಪುತ್ತೇನೆ. ನಾನು ಹೆಚ್ಚು ಕಾಲ ಇದ್ದದ್ದು ಬೆಂಕಿ ವಿಮೆಯಲ್ಲಿ, ಅಲ್ಲಿ ಹಳೆಯ ಕಡತವೇ ಸಾಮಾನ್ಯವಾಗಿ ತುರ್ತಿನದಾಗಿರುತ್ತದೆ.

ಏಜೆಂಟರು ನಿರಾಕರಣೆಯ ಮಾತೆತ್ತಿದ್ದರಿಂದ ಇದನ್ನು ಸೇರಿಸುತ್ತೇನೆ. ನಿರಾಕರಣೆಯ ಪತ್ರವನ್ನು ನೀವು ಬರೆಯುವ ಪತ್ರಗಳಲ್ಲೇ ಅತ್ಯಂತ ಜವಾಬ್ದಾರಿಯದೆಂದು ಭಾವಿಸಿ. ಪತ್ರದಲ್ಲಿ ಹೇಳದ ಕಾರಣವನ್ನು ಕಂಪನಿ ಆಮೇಲೆ ಗ್ರಾಹಕ ಆಯೋಗದ ಮುಂದೆ ಹೊಸದಾಗಿ ಎತ್ತುವಂತಿಲ್ಲ. 2016ರ ಗಲಾಡಾ ಪವರ್ ಪ್ರಕರಣದಲ್ಲೂ 2019ರ ಸೌರಾಷ್ಟ್ರ ಕೆಮಿಕಲ್ಸ್ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಹಾಗೆಂದು ಸಿಕ್ಕ ಷರತ್ತುಗಳನ್ನೆಲ್ಲ ಪತ್ರಕ್ಕೆ ತುಂಬಿಸುವುದೂ ಸಲ್ಲದು. ಷರತ್ತಿನ ಪೂರ್ಣ ಪಾಠ, ಅದಕ್ಕೆ ತಾಗುವ ಸಂಗತಿ, ಆ ಸಂಗತಿ ಯಾವ ದಾಖಲೆಯಿಂದ ತಿಳಿಯಿತು, ಪಾಲಿಸಿದಾರರು ಕೊಟ್ಟ ವಿವರಣೆ ಏಕೆ ಸಾಲದು ಎಂಬ ನಾಲ್ಕೂ ಇರಬೇಕು. ಪತ್ರವನ್ನು ಬರೆದು ಒಂದು ರಾತ್ರಿ ಬಿಟ್ಟು ಮರುದಿನ ಪಾಲಿಸಿದಾರರ ಜಾಗದಲ್ಲಿ ಕುಳಿತು ಓದಿ. ಎಲ್ಲಾದರೂ ‘ಇರಬಹುದು’, ‘ಅನ್ನಿಸುತ್ತದೆ’ ಎಂಬ ಮಾತು ಉಳಿದಿದ್ದರೆ ತನಿಖೆ ಮುಗಿದಿಲ್ಲವೆಂದೇ ತಿಳಿಯಿರಿ. ಪತ್ರದ ಕೊನೆಯಲ್ಲಿ ದೂರು ಪರಿಹಾರ ಅಧಿಕಾರಿಯ ವಿವರದ ಜೊತೆಗೆ ವಿಮಾ ಒಂಬುಡ್ಸ್‌ಮನ್ ಕಚೇರಿಯ ವಿಳಾಸವೂ ಇರಲಿ. ನಮ್ಮ ರಾಜ್ಯಕ್ಕೆ ಅದು ಬೆಂಗಳೂರಿನ ಜೆ.ಪಿ. ನಗರದಲ್ಲಿದೆ, ಅಲ್ಲಿ ದೂರಿಗೆ ಶುಲ್ಕವಿಲ್ಲ, 50 ಲಕ್ಷ ರೂಪಾಯಿಯವರೆಗೆ ಪರಿಹಾರ ನೀಡುವ ಅಧಿಕಾರವಿದೆ.

ಪೂರ್ತಿ ಕೊಡುವುದು ಅಥವಾ ಪೂರ್ತಿ ನಿರಾಕರಿಸುವುದು ಎಂಬ ಎರಡೇ ದಾರಿಗಳಿವೆಯೆಂದು ಹೊಸಬರು ಭಾವಿಸುತ್ತಾರೆ. ಖಾಸಗಿ ಬಳಕೆಗೆ ವಿಮೆ ಮಾಡಿಸಿದ ವಾಹನವನ್ನು ಬಾಡಿಗೆಗೆ ಕೊಟ್ಟಿದ್ದ 2010ರ ಅಮಲೇಂದು ಸಾಹೂ ಪ್ರಕರಣದಲ್ಲಿ ಕೋರ್ಟ್ ಪೂರ್ತಿ ನಿರಾಕರಣೆಯನ್ನು ಒಪ್ಪದೆ ‘ನಾನ್-ಸ್ಟ್ಯಾಂಡರ್ಡ್’ ಆಧಾರದಲ್ಲಿ ಭಾಗಶಃ ಪರಿಹಾರ ಕೊಡಿಸಿತು. ಷರತ್ತಿನ ಉಲ್ಲಂಘನೆ ಕಂಡಾಗಲೆಲ್ಲ ಈ ಮೂರನೆಯ ದಾರಿ ಅನ್ವಯಿಸುತ್ತದೆಯೇ ಎಂದು ಟಿಪ್ಪಣಿಯಲ್ಲಿ ಚರ್ಚಿಸುವುದನ್ನು ರೂಢಿ ಮಾಡಿಕೊಳ್ಳಿ.

ಉತ್ತರ: ಮೂರನೇ ವ್ಯಕ್ತಿಯ ಕ್ಲೇಮು ವಿಭಾಗ, ಕಲಬುರಗಿ

ನಮ್ಮದು ಅಪಘಾತ ಪರಿಹಾರ ನ್ಯಾಯಮಂಡಳಿಯ ಕೆಲಸ. ಇಲ್ಲಿ ಸಾವು ಮತ್ತು ಗಾಯದ ಕಡತಗಳೇ ಇರುತ್ತವೆ. ನೋಟಿಸು ಬಂದ ಮೇಲೆ ವಕೀಲರಿಗೆ ಕೊಟ್ಟು ಮರೆಯುವುದು ಹಳೆಯ ಕ್ರಮ. ಆದರೆ 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮಗಳಂತೆ ಅಪಘಾತದ 48 ಗಂಟೆಯೊಳಗೆ ಪೊಲೀಸರ ಪ್ರಥಮ ಅಪಘಾತ ವರದಿ ವಿಮಾ ಕಂಪನಿಗೂ ಬರಬೇಕು, 90 ದಿನದೊಳಗೆ ವಿವರವಾದ ವರದಿ ನ್ಯಾಯಮಂಡಳಿಗೆ ಹೋಗಬೇಕು. ಮೊದಲ ವರದಿ ಬಂದ ದಿನವೇ ಪಾಲಿಸಿ ಪರಿಶೀಲಿಸಿ, ಪರಿಹಾರದ ಅಂದಾಜು ಲೆಕ್ಕವನ್ನು ಕಡತದಲ್ಲಿ ಹಾಕುವುದು ನನ್ನ ಕ್ರಮ.

32 ವರ್ಷದ, ತಿಂಗಳಿಗೆ 15,000 ದುಡಿಯುತ್ತಿದ್ದ ಸ್ವಂತ ಉದ್ಯೋಗಿಯೊಬ್ಬರು ಮೃತಪಟ್ಟರು, ಅವಲಂಬಿತರು ನಾಲ್ವರು ಎಂದುಕೊಳ್ಳಿ. 2017ರ ಪ್ರಣಯ್ ಸೇಠಿ ತೀರ್ಪಿನಂತೆ ಭವಿಷ್ಯದ ಗಳಿಕೆಗೆ ಶೇ. 40 ಸೇರಿಸಿದರೆ 21,000, ಮೃತರ ಸ್ವಂತ ಖರ್ಚಿಗೆ ನಾಲ್ಕನೇ ಒಂದು ಭಾಗ ಕಳೆದರೆ 15,750, ವರ್ಷಕ್ಕೆ 1,89,000, ಸರಳಾ ವರ್ಮಾ ತೀರ್ಪಿನ ಪಟ್ಟಿಯಂತೆ 31ರಿಂದ 35ರ ವಯಸ್ಸಿಗೆ ಗುಣಕ 16. ಹೀಗೆ 30,24,000 ರೂಪಾಯಿ, ಅದರ ಮೇಲೆ ಅಂತ್ಯಕ್ರಿಯೆ, ಆಸ್ತಿ ನಷ್ಟ ಮತ್ತು ಸಾಂಗತ್ಯ ನಷ್ಟದ ಮೊತ್ತಗಳು. ಹೊಣೆ ನಿರ್ವಿವಾದವಾಗಿದ್ದರೆ ಈ ಲೆಕ್ಕ ಮೊದಲ ವಾರ ಮಾಡಿದರೂ ಅಷ್ಟೇ, ನಾಲ್ಕು ವರ್ಷದ ಮೇಲೆ ಮಾಡಿದರೂ ಅಷ್ಟೇ; ಅಷ್ಟು ಕಾಲದ ಬಡ್ಡಿ ಕಂಪನಿಗೆ ಹೆಚ್ಚುವರಿ ಹೊರೆ, ಅಷ್ಟು ಕಾಲದ ಕಾಯುವಿಕೆ ಆ ಮನೆಯ ಮಕ್ಕಳ ಓದಿಗೆ ಹೊಡೆತ. ಲೆಕ್ಕ ಮೊದಲೇ ಕಡತದಲ್ಲಿದ್ದರೆ ರಾಜಿ ಪ್ರಸ್ತಾವಕ್ಕೆ ಮೇಲಧಿಕಾರಿಗಳ ಒಪ್ಪಿಗೆ ಕೇಳುವುದು ಸುಲಭವಾಗುತ್ತದೆ.

ಮರುಪ್ರಶ್ನೆ: ವಾಹನ ಕ್ಲೇಮು ವಿಭಾಗ, ಬೆಂಗಳೂರು

ಒಂದು ಸಂಶಯ ಮಾತ್ರ ಉಳಿದಿದೆ. ತಿಂಗಳ ಕೊನೆಗೆ ಬಾಕಿ ಕಡತಗಳ ಸಂಖ್ಯೆ ಇಳಿಸಬೇಕೆಂಬ ಒತ್ತಡ ಇರುತ್ತದೆ. ಪಾಲಿಸಿದಾರರಿಂದ ಉತ್ತರ ಬಾರದ ಕಡತಗಳನ್ನು ‘ದಾಖಲೆ ಸಲ್ಲಿಸಿಲ್ಲ’ ಎಂದು ಮುಚ್ಚುವುದು ಸರಿಯೇ?

ಉತ್ತರ: ಸರ್ವೇಯರ್, ತುಮಕೂರು

ಸರಿಯಲ್ಲ. ನೀವು ಉಲ್ಲೇಖಿಸಿದ 2024ರ ಸುತ್ತೋಲೆಯಲ್ಲೇ ದಾಖಲೆ ಇಲ್ಲವೆಂಬ ಕಾರಣಕ್ಕೆ ಯಾವ ಕ್ಲೇಮನ್ನೂ ತಿರಸ್ಕರಿಸಬಾರದೆಂದಿದೆ. ಕ್ಲೇಮಿಗೆ ನೇರ ಸಂಬಂಧಪಟ್ಟ, ಅಗತ್ಯವಾದ ದಾಖಲೆಗಳನ್ನಷ್ಟೇ ಕೇಳಬೇಕೆಂದೂ ಇದೆ. ಬಾಕಿ ಇಳಿಸುವ ಪ್ರಾಮಾಣಿಕ ದಾರಿ ತಿಂಗಳ ಮೂರನೇ ವಾರದಲ್ಲಿದೆ: ಉತ್ತರ ಬಾರದ ಪ್ರತಿಯೊಂದು ಕಡತವನ್ನು ತೆರೆದು, ಕೇಳಿದ ದಾಖಲೆ ವಾಹನ ನೋಂದಣಿಯ ‘ವಾಹನ್’ ಅಥವಾ ಪರವಾನಗಿಯ ‘ಸಾರಥಿ’ ತಾಣದಲ್ಲಿ, ಗ್ಯಾರೇಜಿನಲ್ಲಿ, ಠಾಣೆಯಲ್ಲಿ ನಿಮಗೇ ಸಿಗುತ್ತದೆಯೇ ಎಂದು ನೋಡಿ. ಸಿಕ್ಕರೆ ಅಂದೇ ತೀರ್ಮಾನಿಸಿ. ಸಿಗದಿದ್ದರೆ ಅದಿಲ್ಲದೆಯೇ ಎಷ್ಟು ಮೊತ್ತ ಕೊಡಬಹುದೆಂದು ಬರೆದು ಮೇಲಧಿಕಾರಿಗಳಿಗೆ ಕಳುಹಿಸಿ, ಪಾಲಿಸಿದಾರರಿಗೆ ಪತ್ರದ ಬದಲು ಒಂದು ಕರೆ ಮಾಡಿ. ಅಪಘಾತದಲ್ಲಿ ಗಾಯಗೊಂಡು ಆಸ್ಪತ್ರೆಯಲ್ಲಿರುವವರು, ನೋಂದಾಯಿತ ಫೋನು ಸಂಖ್ಯೆ ಬದಲಾದವರು, ವಿಳಾಸ ಬದಲಾದವರು ಈ ಪಟ್ಟಿಯಲ್ಲಿ ಬಹಳ ಜನ ಇರುತ್ತಾರೆ. ಅಂಥವರಿಗಾಗಿ ಪಾಲಿಸಿ ಮಾರಿದ ಏಜೆಂಟರನ್ನೋ ವಾಹನ ನಿಂತಿರುವ ಗ್ಯಾರೇಜನ್ನೋ ಕೇಳಿದರೆ ಸಾಮಾನ್ಯವಾಗಿ ಸಂಪರ್ಕ ಸಿಗುತ್ತದೆ.